ಪಿಪಿಟಿಗೆ ಬೀಗ ಹಾಕುವ ಮುನ್ನ

ಕೆಲಸಕ್ಕೆ ಸೇರಿದ್ದೀಯ, ಇನ್ನು ಪಿಪಿಟಿ ಮಾಡುವುದು ತಪ್ಪಿದ್ದಲ್ಲ. ಟೆಂಡರಿನ ರೇಟು, ಸಂಬಳದ ವಿವರ ಇರುವಂಥವನ್ನು ಬೀಗವಿಲ್ಲದೆ ಕಳಿಸಬೇಡಮ್ಮ.

• ಪವರ್‌ಪಾಯಿಂಟಿನಲ್ಲಿ ಫೈಲ್, ಇನ್ಫೋ, ಪ್ರೊಟೆಕ್ಟ್ ಪ್ರೆಸೆಂಟೇಶನ್, ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್ ಅಂತ ಒತ್ತಿಕೊಂಡು ಹೋಗು. ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಆಮೇಲೆ ಸೇವ್ ಮಾಡದಿದ್ದರೆ ಬೀಗ ಬಿದ್ದಿರುವುದಿಲ್ಲ. ಲಿಬ್ರೆ ಆಫೀಸಿನಲ್ಲಾದರೆ ಸೇವ್ ಆಸ್ ಮಾಡುವಾಗಲೇ ‘ಸೇವ್ ವಿತ್ ಪಾಸ್‌ವರ್ಡ್’ಗೆ ಟಿಕ್ ಹಾಕು.

• ಪವರ್‌ಪಾಯಿಂಟಿನ ಸೇವ್ ಆಸ್‌ನಲ್ಲಿ ಟೂಲ್ಸ್, ಅದರೊಳಗೆ ಜನರಲ್ ಆಪ್ಷನ್ಸ್. ಅಲ್ಲಿ ಎರಡು ಖಾನೆ: ಒಂದು ತೆರೆಯುವುದಕ್ಕೆ, ಇನ್ನೊಂದು ತಿದ್ದುವುದಕ್ಕೆ. ತಿದ್ದುವ ಖಾನೆಯೊಂದನ್ನೇ ತುಂಬಿ ನಿಶ್ಚಿಂತೆಯಿಂದ ಮಲಗುವವರಿದ್ದಾರೆ! ರೀಡ್ ಓನ್ಲಿ ಒತ್ತಿದ ಯಾರಿಗಾದರೂ ಸ್ಲೈಡುಗಳೆಲ್ಲ ಕಾಣುತ್ತವೆ. ‘ಮಾರ್ಕ್ ಆಸ್ ಫೈನಲ್’ ಅನ್ನುವುದಂತೂ ಬರೀ ಬೋರ್ಡು. ಎಡಿಟ್ ಎನಿವೇ ಒತ್ತಿದರೆ ಮುಗಿಯಿತು. ಗುಟ್ಟು ಕಾಯಬೇಕಾದರೆ ತೆರೆಯುವ ಪಾಸ್‌ವರ್ಡೇ ಬೇಕು.

• ಆ ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು. ಇಮೇಲಿನ ಹಾಗೆ ‘ಫರ್ಗಾಟ್ ಪಾಸ್‌ವರ್ಡ್’ ಇಲ್ಲಿಲ್ಲ. ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡು. ನಗಬೇಡ, ಮಾನಿಟರಿಗೆ ಚೀಟಿ ಅಂಟಿಸುವುದಕ್ಕಿಂತ ಎಷ್ಟೋ ವಾಸಿ.

• ಹುಟ್ಟಿದ ದಿನ, ಮನೆದೇವರ ಹೆಸರು ಬೇಡ. ಅವೆರಡೂ ನಿನ್ನ ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತವೆ. ಹಲಸು, ರೈಲು, ಮಂಗಳವಾರ, ಕೊಡೆ: ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಪೋಣಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರಿ (ಇವನ್ನೇ ಇಡಬೇಡ ಮತ್ತೆ). ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಲೆಕ್ಕ. ಸರಿಯಾದ ಪಾಸ್‌ವರ್ಡೂ ತಪ್ಪು ಅಂತ ಬಂದರೆ ಕ್ಯಾಪ್ಸ್ ಲಾಕ್ ನೋಡು, ಕೀಬೋರ್ಡ್ ಕನ್ನಡದಲ್ಲಿ ಉಳಿದಿದೆಯಾ ನೋಡು.

• ಫೈಲು ಇಮೇಲಿನಲ್ಲಿ ಹೋದರೆ ಪಾಸ್‌ವರ್ಡ್ ಫೋನಿನಲ್ಲಿ ಹೋಗಲಿ. ಎರಡನ್ನೂ ಒಂದೇ ಇಮೇಲಿನಲ್ಲಿ ಹಾಕುವುದಾದರೆ ಇಷ್ಟೆಲ್ಲ ಪಾಡು ಯಾಕೆ?

• ಬೀಗ ಬೀಳುವುದು ಆ ಒಂದು ಫೈಲಿಗೆ ಮಾತ್ರ. ನಿನ್ನೆ ಪೆನ್‌ಡ್ರೈವಿಗೆ ಹಾಕಿದ ಪ್ರತಿ, ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ಹಾಗೇ ತೆರೆದುಕೊಂಡಿರುತ್ತವೆ. ಹುಡುಕಿ ಅಳಿಸು.

• ಗೂಗಲ್ ಸ್ಲೈಡ್ಸ್‌ನಲ್ಲಿ ಫೈಲಿಗೆ ಪಾಸ್‌ವರ್ಡ್ ಇಡುವ ಏರ್ಪಾಡೇ ಇಲ್ಲ. ಶೇರ್ ಒತ್ತಿ ಯಾರ್‍ಯಾರ ಹೆಸರಿದೆ ಅಂತ ನೋಡು, ‘ಎನಿವನ್ ವಿತ್ ದ ಲಿಂಕ್’ ಇದ್ದರೆ ತೆಗಿ.

• ಸಭೆಯಲ್ಲಿ ತೋರಿಸುವ ದಿನ ಮುಂಚೆಯೇ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲೇ ತೆರೆದು ನೋಡು. ಬ್ರೌಸರಿನ ಪವರ್‌ಪಾಯಿಂಟು ಬೀಗ ಹಾಕಿದ ಫೈಲನ್ನು ತೆರೆಯದೆಯೂ ಇರಬಹುದು. ಬೀಗ ತೆಗೆಯಬೇಕಾದರೆ ಅದೇ ಎನ್‌ಕ್ರಿಪ್ಟ್ ಜಾಗಕ್ಕೆ ಹೋಗಿ ಚುಕ್ಕಿಗಳನ್ನು ಅಳಿಸಿ, ಓಕೆ ಒತ್ತಿ, ಸೇವ್ ಮಾಡು.