ನೇರಳೆಯ ಮರ: ಹಣ್ಣು, ಬೀಜ, ತೊಗಟೆ

ಪುರಾಣಕಾರರು ಭೂಮಂಡಲವನ್ನು ಏಳು ದ್ವೀಪಗಳಾಗಿ ವಿಂಗಡಿಸಿ, ಭರತಖಂಡವನ್ನೊಳಗೊಂಡ ದ್ವೀಪಕ್ಕೆ ಜಂಬೂದ್ವೀಪವೆಂದು ಹೆಸರಿಟ್ಟರು. ಜಂಬೂ ಎಂದರೆ ನಮ್ಮ ನೇರಳೆಯೇ. ಊರ ಕೆರೆಯ ಏರಿಯ ಮೇಲೂ ಹಳ್ಳದ ದಂಡೆಯಲ್ಲೂ ಬೆಳೆಯುವ ಈ ಮರವನ್ನು ಅರಿಯದ ವಿದ್ಯಾರ್ಥಿಯಿಲ್ಲ. ಆದರೆ ಅದರ ಗುಣವಿಶೇಷಗಳನ್ನು ವಿಚಾರಿಸಿದವರು ವಿರಳ.

ಲವಂಗ, ಪೇರಲ, ನೀಲಗಿರಿಗಳ ಕುಟುಂಬಕ್ಕೆ ಸೇರಿದ ನೇರಳೆಗೆ ಸಸ್ಯವಿಜ್ಞಾನಿಗಳು ಸೈಜೀಜಿಯಂ ಕುಮಿನಿ ಎನ್ನುತ್ತಾರೆ. 1753ರಲ್ಲಿ ಲಿನೀಯಸನು ಇದನ್ನು ಮಿರ್ಟಸ್ ಕುಮಿನಿ ಎಂದು ಕರೆದಿದ್ದನು. ಎಲೆಯನ್ನು ಹಿಸುಕಿ ಮೂಸಿದರೆ ಈ ಕುಟುಂಬದ ಲಕ್ಷಣವಾದ ಪರಿಮಳವು ತಿಳಿಯುತ್ತದೆ. ಬೇಸಗೆಯಲ್ಲಿ ಅರಳುವ ಹೂಗಳು ಜೇನುನೊಣಗಳಿಗೆ ಆಹಾರ. ಮುಂಗಾರಿನ ಆರಂಭಕ್ಕೆ ಹಣ್ಣು ಮಾಗುತ್ತದೆ.

ನಾಲಗೆಗೆ ನೇರಳೆ ಬಣ್ಣವನ್ನು ಬಳಿಯುವ ವಸ್ತುವಿಗೆ ಆಂಥೋಸಯನಿನ್ ಎಂದು ಹೆಸರು. ಹಣ್ಣಿನ ರಸಕ್ಕೆ ನಿಂಬೆರಸವನ್ನು ಬೆರೆಸಿದರೆ ಕೆಂಪಾಗುವುದನ್ನೂ, ಸುಣ್ಣದ ತಿಳಿನೀರನ್ನು ಬೆರೆಸಿದರೆ ಬಣ್ಣವು ನೀಲಿ-ಹಸಿರಿನ ಕಡೆಗೆ ತಿರುಗುವುದನ್ನೂ ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಪರೀಕ್ಷಿಸಿ ನೋಡಬಹುದು.

ತೊಗಟೆಯ ಒಗರಿಗೆ ಟ್ಯಾನಿನ್ ಕಾರಣ. ಅದು ಪ್ರೋಟೀನುಗಳೊಡನೆ ಕೂಡಿ ಬಾಯಿಯ ಒಳಪೊರೆಯನ್ನು ಬಿಗಿಗೊಳಿಸುತ್ತದೆ. ಆದುದರಿಂದಲೇ ಬಾಯಿಹುಣ್ಣಿಗೆ ತೊಗಟೆಯ ಕಷಾಯದಿಂದ ಮುಕ್ಕಳಿಸುವ, ಅತಿಸಾರಕ್ಕೆ ಅದನ್ನು ಕುಡಿಸುವ ರೂಢಿ ಬೆಳೆದುಬಂದಿದೆ. ಆದರೆ ಅತಿಸಾರದಲ್ಲಿ ದೇಹದ ನೀರು ಬತ್ತುವುದೇ ಪ್ರಾಣಾಪಾಯ. ಉಪ್ಪು-ಸಕ್ಕರೆ ಬೆರೆಸಿದ ನೀರಿನ ಕೆಲಸವನ್ನು ಕಷಾಯವು ಮಾಡಲಾರದು.

ಬೀಜದ ವಿಷಯದಲ್ಲಿಯೂ ಇದೇ ವಿವೇಕವು ಅವಶ್ಯ. 1921ರಲ್ಲಿ ಇನ್ಸುಲಿನ್ ಶೋಧವಾಗುವ ಮುನ್ನ ಯುರೋಪಿನ ವೈದ್ಯರೂ ಮಧುಮೇಹಕ್ಕೆ ನೇರಳೆಬೀಜವನ್ನು ಪ್ರಯೋಗಿಸಿದ್ದುಂಟು. ಹಾಗೆಂದು ಬೀಜದ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಇನ್ಸುಲಿನನ್ನು ಬಿಟ್ಟವನು ಪ್ರಾಣವನ್ನೇ ಪಣಕ್ಕಿಟ್ಟಂತೆ.

ಮರದ ಪ್ರಾಣದ ಮಾತೂ ಉಂಟು. ಎಲೆಗಳು ಸಿದ್ಧಪಡಿಸಿದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತಲೂ ಬಳೆಯಂತೆ ತೊಗಟೆಯನ್ನು ಸುಲಿದರೆ ಬೇರು ಉಪವಾಸ ಬಿದ್ದು, ಕಾಲಕ್ರಮದಲ್ಲಿ ಇಡೀ ಮರವೇ ಒಣಗುತ್ತದೆ. ಬೇಕಾದವರು ಸವರಿದ ಕೊಂಬೆಯಿಂದ ಬೇಕಾದಷ್ಟನ್ನೇ ತೆಗೆಯಲಿ.

ಹಣ್ಣನ್ನು ಆಯ್ದುಕೊಂಡರೆ ಮರಕ್ಕೆ ನಷ್ಟವಿಲ್ಲ. ತೊಗಟೆಯನ್ನು ತೆಗೆದರೆ ಗಾಯವಾಗದೆ ಇರದು. ಈ ಭೇದವನ್ನರಿತು ಬಳಸುವವನೇ ಮರವನ್ನು ಬಲ್ಲವನು. ಈ ಮಳೆಗಾಲದಲ್ಲಿ ಹಣ್ಣು ತಿಂದು ಉಗುಳುವ ಬೀಜಗಳಲ್ಲಿ ಒಂದನ್ನಾದರೂ ಕೂಡಲೇ ಮಣ್ಣಿಗೆ ಊರಿರಿ. ಒಣಗಿದ ಮೇಲೆ ಅದರ ಮೊಳೆಯುವ ಶಕ್ತಿ ಬಹುಕಾಲ ಉಳಿಯದು.