ಲಕ್ಷ್ಯ ಬದಲಾದಾಗ ಲಕ್ಷಣ: ಮುಕ್ತ ತಂತ್ರಾಂಶದ ಕೈಪಿಡಿಗಳು

ವ್ಯಾಕರಣಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಲಕ್ಷ್ಯ, ಲಕ್ಷಣ ಎಂಬ ಜೋಡಿಪದ ಹೊಸದಲ್ಲ. ಬಳಕೆಯಲ್ಲಿರುವ ಭಾಷೆ ಲಕ್ಷ್ಯ. ಅದನ್ನು ವಿವರಿಸುವ ಶಾಸ್ತ್ರ ಲಕ್ಷಣ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ, ವೃತ್ತಿಯನ್ನು ಬರೆದನು, ಪ್ರಯೋಗಗಳನ್ನೂ ಮುಂದಿಟ್ಟನು. ತಂತ್ರಾಂಶಕ್ಕೂ ಅದರ ಕೈಪಿಡಿಗೂ ಇರುವ ಸಂಬಂಧ ಇದೇ ಬಗೆಯದು. ಆದರೆ ಭಾಷೆಯು ಶತಮಾನಗಳಲ್ಲಿ ಕಾಣುವ ಬದಲಾವಣೆಯನ್ನು ತಂತ್ರಾಂಶವು ಕೆಲವೇ ತಿಂಗಳುಗಳಲ್ಲಿ ಕಾಣುತ್ತದೆ. ಪೈಥಾನ್ ಎಂಬ ಕ್ರಮವಿಧಿ ಭಾಷೆಗೆ ಈಗ ವರ್ಷಕ್ಕೊಂದು ಹೊಸ ಆವೃತ್ತಿ.

ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ಅದನ್ನು ಕಟ್ಟುವವರು ಒಂದು ಕಚೇರಿಯಲ್ಲಿ ಕುಳಿತವರಲ್ಲ. ಸಂಕೇತವನ್ನು ತಿದ್ದಿದವರೊಬ್ಬರು, ಕೈಪಿಡಿಯನ್ನು ಬರೆದವರು ಇನ್ನೊಬ್ಬರು. ಇವರಿಬ್ಬರೂ ಪರಸ್ಪರ ಮುಖ ಕಾಣದಿರುವುದೇ ಹೆಚ್ಚು. ಆದ್ದರಿಂದ ಲಕ್ಷ್ಯವು ಮುಂದೆ ಸಾಗಿ, ಲಕ್ಷಣವು ಹಿಂದೆ ಉಳಿಯುವುದು ಇಲ್ಲಿ ಸಹಜವಾದ ಅಪಾಯ.

ಅದರ ಪರಿಣಾಮವನ್ನು ತಿಳಿಯಲು ಪೈಥಾನಿನದೇ ಒಂದು ಪ್ರಸಂಗ ಸಾಕು. ಪರದೆಯ ಮೇಲೆ ಏನನ್ನಾದರೂ ಮೂಡಿಸುವ ‘ಪ್ರಿಂಟ್’ ಎಂಬ ಪದದ ಮುಂದೆ ಎರಡನೆಯ ಆವೃತ್ತಿಯಲ್ಲಿ ಆವರಣ ಚಿಹ್ನೆ ಬೇಕಿರಲಿಲ್ಲ. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದು ಕಡ್ಡಾಯವಾಯಿತು. 2020ರ ಜನವರಿ 1ರಂದು ಎರಡನೆಯ ಆವೃತ್ತಿಯ ಪೋಷಣೆಯೂ ಮುಗಿಯಿತು. ಹಳೆಯ ಪಾಠಪುಸ್ತಕವೊಂದನ್ನು ಹಿಡಿದ ವಿದ್ಯಾರ್ಥಿನಿ ಅದರ ಮೊದಲ ಸಾಲನ್ನು ಅಕ್ಷರ ತಪ್ಪದೆ ಬರೆದರೂ ಗಣಕಯಂತ್ರ ದೋಷವೆನ್ನುತ್ತದೆ. ಆಕೆ ಪುಸ್ತಕವನ್ನು ಶಂಕಿಸುವುದಿಲ್ಲ, ತನ್ನನ್ನೇ ಶಂಕಿಸುತ್ತಾಳೆ. ಬರೆದ ಕಾಲಕ್ಕೆ ಆ ಪುಸ್ತಕ ಸುಳ್ಳಾಡಿರಲಿಲ್ಲ. ತಾನು ಯಾವ ಆವೃತ್ತಿಯ ಮಾತನ್ನಾಡುತ್ತಿದ್ದೇನೆಂದು ಹೇಳದಿದ್ದುದೇ ಅದರ ತಪ್ಪು. ಪೈಥಾನಿನ ಕರ್ತೃಗಳು ಇದನ್ನು ಅರಿತು, ಆವರಣ ಚಿಹ್ನೆ ಬಿಟ್ಟುಹೋಗಿದೆಯೆಂದು ಆ ದೋಷಸಂದೇಶವೇ ತಿಳಿಸುವಂತೆ ಮಾಡಿದರು. ದೋಷಸಂದೇಶವೂ ಕೈಪಿಡಿಯ ಒಂದು ವಾಕ್ಯವೇ ತಾನೆ!

ಪೈಥಾನಿನ ಅಧಿಕೃತ ಕೈಪಿಡಿ ಈ ತೊಡಕನ್ನು ಎದುರಿಸಿದ ರೀತಿ ಗ್ರಂಥಸಂಪಾದನೆಯನ್ನು ಓದಿದವರಿಗೆ ಪರಿಚಿತವೆನಿಸುತ್ತದೆ. ಕೈಪಿಡಿಯ ಪಠ್ಯವನ್ನು ಮೂಲಸಂಕೇತದ ಜೊತೆಯಲ್ಲೇ, ಒಂದೇ ಭಂಡಾರದಲ್ಲಿ ಇಡಲಾಗಿದೆ. ಸಂಕೇತದಲ್ಲೊಂದು ತಿದ್ದುಪಡಿ ಬಂದಾಗ ವಿವರಣೆಯ ತಿದ್ದುಪಡಿಯೂ ಅದರೊಡನೆ ಬರಬಹುದು. ಪರಿಶೀಲಿಸುವವರು ಎರಡನ್ನೂ ಒಟ್ಟಿಗೆ ನೋಡಬಹುದು. ‘ಈ ಸೌಲಭ್ಯ ಇಂಥ ಆವೃತ್ತಿಯಲ್ಲಿ ಸೇರಿತು’, ‘ಇಂಥ ಆವೃತ್ತಿಯಲ್ಲಿ ಬದಲಾಯಿತು’ ಎಂಬ ಟಿಪ್ಪಣಿಗಳು ಆಯಾ ವಿವರಣೆಯ ಕೆಳಗೇ ಇರುತ್ತವೆ. ಹಳೆಯ ಆವೃತ್ತಿಗಳ ಕೈಪಿಡಿಗಳನ್ನು ಅಳಿಸದೆ ಪ್ರತ್ಯೇಕವಾಗಿ ಉಳಿಸಿದ್ದಾರೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕನ ಎಚ್ಚರವೇ ಇದು.

ಇನ್ನೂ ಒಂದು ಉಪಾಯವುಂಟು. 2001ರಲ್ಲಿ ಪೈಥಾನಿಗೆ ಸೇರಿದ ‘ಡಾಕ್‌ಟೆಸ್ಟ್’ ಎಂಬ ಸಾಧನವು ವಿವರಣೆಯೊಳಗಿನ ಉದಾಹರಣೆಗಳನ್ನು ಹೆಕ್ಕಿ, ನಿಜವಾಗಿ ನಡೆಸಿ, ಅಲ್ಲಿ ಬರೆದ ಉತ್ತರವೇ ಬರುತ್ತದೆಯೇ ಎಂದು ನೋಡುತ್ತದೆ. ಬಾರದಿದ್ದರೆ ದೂರು ಹೇಳುತ್ತದೆ. ಪ್ರಯೋಗಗಳು ಸೂತ್ರಕ್ಕೆ ಹೊಂದುತ್ತವೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುವ ವ್ಯಾಕರಣಗ್ರಂಥವನ್ನು ಊಹಿಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ.

ಆದರೆ ಯಂತ್ರ ಪರೀಕ್ಷಿಸುವುದು ಪ್ರಯೋಗವನ್ನು, ವೃತ್ತಿಯನ್ನಲ್ಲ. ವಾಕ್ಯವು ಸುಳ್ಳಾಗಿದ್ದರೂ ಮಸುಕಾಗಿದ್ದರೂ ಅದಕ್ಕೆ ಗೊತ್ತಾಗದು. ಸ್ಪಷ್ಟತೆಯ ಪ್ರಶ್ನೆ ಬರುವುದು ಇಲ್ಲಿ. ‘ಅನುಸ್ಥಾಪನಾ ಪ್ರಕ್ರಿಯೆಯ ಪೂರ್ಣಗೊಳ್ಳುವಿಕೆಯ ನಂತರ ಸಂರಚನಾ ಕಡತದ ಪರಿಷ್ಕರಣೆಯು ಅಗತ್ಯವಾಗಿರುತ್ತದೆ’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಮಾಡುವವರು ಯಾರು, ಮಾಡಬೇಕಾದುದೇನು ಎಂಬುದೂ ಇಲ್ಲ. ಕ್ರಿಯಾಪದಗಳೆಲ್ಲ ಭಾವನಾಮಗಳಾಗಿ ಹೆಪ್ಪುಗಟ್ಟಿವೆ. ‘ತಂತ್ರಾಂಶವನ್ನು ಹಾಕಿಕೊಂಡ ಮೇಲೆ ಸೆಟ್ಟಿಂಗ್ಸ್ ಕಡತವನ್ನು ತೆರೆದು, ಮೊದಲ ಸಾಲಿನಲ್ಲಿ ನಿಮ್ಮ ಹೆಸರನ್ನು ಬರೆಯಿರಿ’ ಎಂದರೆ ಓದುಗನ ಕೈ ತಾನಾಗಿ ಮುಂದುವರಿಯುತ್ತದೆ. ಕೈಪಿಡಿಯನ್ನು ಯಾರೂ ವಿರಾಮಕ್ಕೆಂದು ಓದುವುದಿಲ್ಲ. ಕೆಲಸ ಕೆಟ್ಟು ನಿಂತಾಗ ತೆರೆಯುತ್ತಾರೆ. ಅಂಥವರಿಗೆ ‘ಇದು ಬಹಳ ಸುಲಭ’ ಎಂದು ಹೇಳುವ ಬರಹಗಾರನು ಅರಿಯದೆಯೇ ಅವರನ್ನು ಹೀಗಳೆದಂತಾಗುತ್ತದೆ.

ಅನುವಾದಕ್ಕೆ ಬಂದಾಗ ಸಮಸ್ಯೆ ಇಮ್ಮಡಿಯಾಗುತ್ತದೆ. ಗ್ನೋಮ್‌ನಂತಹ ಮುಕ್ತ ತಂತ್ರಾಂಶಗಳು ಕನ್ನಡದಲ್ಲೂ ದೊರೆಯುತ್ತವೆ. ಇಂತಹ ಅನುವಾದಗಳಿಗೆ ಹೆಚ್ಚಾಗಿ ಬಳಸುವ ‘ಗೆಟ್‌ಟೆಕ್ಸ್ಟ್’ ಪದ್ಧತಿಯಲ್ಲಿ ಮೂಲವಾಕ್ಯ, ಅನುವಾದ ಎರಡನ್ನೂ ಒಂದರ ಕೆಳಗೊಂದು ಇಡುತ್ತಾರೆ. ಮೂಲವಾಕ್ಯ ತುಸು ಬದಲಾದರೆ ಹಳೆಯ ಅನುವಾದವನ್ನು ಎಸೆಯುವುದಿಲ್ಲ. ‘ಫಜ್ಜಿ’, ಎಂದರೆ ಮಸುಕು, ಎಂಬ ಗುರುತು ಹಾಕುತ್ತಾರೆ. ಆ ಗುರುತಿರುವವರೆಗೆ ಸಾಮಾನ್ಯವಾಗಿ ಆ ಅನುವಾದ ಪರದೆಗೆ ಬಾರದು, ಅದರ ಜಾಗದಲ್ಲಿ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ. ಕನ್ನಡದ ಪುಟದ ನಡುವೆ ಒಂದೆರಡು ಇಂಗ್ಲಿಷ್ ಸಾಲುಗಳು ಇಣುಕಿದಾಗ ಅನುವಾದಕರು ಸೋಮಾರಿಗಳೆಂದು ದೂರುವವರುಂಟು. ಹಳೆಯದಾದ ಮಾತಿಗಿಂತ ಮೂಲದ ಮಾತೇ ಲೇಸೆಂಬ ತೀರ್ಮಾನವೂ ಅದರ ಹಿಂದಿರಬಹುದು.

ಆ ಗುರುತನ್ನು ತೆಗೆಯಲು ಕ್ರಮವಿಧಿ ಬರೆಯುವ ವಿದ್ಯೆ ಬೇಕಿಲ್ಲ. ಹೊಸ ಮೂಲವಾಕ್ಯವನ್ನೂ ಹಳೆಯ ಕನ್ನಡ ವಾಕ್ಯವನ್ನೂ ಎದುರೆದುರಾಗಿ ಓದಿ, ಎಲ್ಲಿ ಅರ್ಥ ಜಾರಿದೆಯೆಂದು ಕಾಣಬಲ್ಲ ಕಣ್ಣು ಬೇಕು. ಪರದೆಯ ಮೇಲೆ ‘ಪಾಸ್‌ವರ್ಡ್’ ಎಂದಿದ್ದು ಕೈಪಿಡಿಯಲ್ಲಿ ‘ಗುಪ್ತಪದ’ ಎಂದಿದ್ದರೆ ಓದುಗನು ಎರಡನ್ನೂ ಬೇರೆಬೇರೆಯೆಂದು ತಿಳಿದಾನೆಂಬ ಅಂದಾಜು ಬೇಕು. ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಗಿ ದಿನವೂ ಎರಡರ ನಡುವೆ ಓಡಾಡುವ ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಈ ಕಣ್ಣು ಬಹುಮಟ್ಟಿಗೆ ಆಗಲೇ ತೆರೆದಿರುತ್ತದೆ.