ಹಳ್ಳಿಕಾರ್ ಹಸುವಿನ ಕೆಚ್ಚಲನ್ನೂ ನೋಡಿ

ಜಾತ್ರೆಯಲ್ಲಿ ಹಳ್ಳಿಕಾರ್ ಹಸು ಕೊಳ್ಳುವವರು ಕೊಂಬು, ಕಾಲು, ಗೊರಸು, ಸುಳಿ ಎಲ್ಲವನ್ನೂ ನೋಡುತ್ತಾರೆ. ಬಗ್ಗಿ ಕೆಚ್ಚಲು ನೋಡುವವರು ಕಡಿಮೆ. ‘ಇದೇನು ಹಾಲಿನ ತಳಿಯೇ?’ ಎನ್ನುತ್ತಾರೆ. ಆದರೆ ನಾಳೆ ಎತ್ತಾಗಬೇಕಾದ ಹೋರಿಗರುವಿಗೆ ಮೊದಲ ತಿಂಗಳುಗಳಲ್ಲಿ ತಾಯಿಯ ಹಾಲೇ ಮುಖ್ಯ ಆಹಾರ. ಆಗ ಸೊರಗಿದ ಕರುವಿಗೆ ಮುಂದೆ ಎಷ್ಟು ಹಿಂಡಿ ಹಾಕಿದರೂ ಆ ಕೊರತೆ ತುಂಬುವುದು ಕಷ್ಟ.

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳನ್ನೂ ಕೈಯಿಂದ ಕರೆಯುವುದಿಲ್ಲ, ಹಾಲೆಲ್ಲ ಕರುವಿಗೇ. ಆದರೂ ಅಲ್ಲಿ ಕರು ಹಾಕಿದ 24 ಗಂಟೆಯೊಳಗೆ ಕೆಚ್ಚಲು ನೋಡಿ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿಯಿದೆ. ಕೆಚ್ಚಲು ಬಿಗಿಯಾಗಿ ಹೊಟ್ಟೆಗೆ ಅಂಟಿಕೊಂಡು, ಮೊಲೆಗಳು ಸಣ್ಣಗಿದ್ದರೆ 9. ಜೋತುಬಿದ್ದು, ಮೊಲೆಗಳು ಬುರುಡೆಯಂತೆ ಊದಿದ್ದರೆ 1. ಕೆಚ್ಚಲು ಅತಿ ತುಂಬಿರುವ ಆ ದಿನವೇ ದೋಷ ಎದ್ದು ಕಾಣುತ್ತದೆ. ಈ ಕ್ರಮ ನಮಗೂ ಆಗುತ್ತದೆ.

ಊದಿದ ಮೊಲೆ ನೋಟಕ್ಕೆ ಮಾತ್ರ ದೋಷವಲ್ಲ. ಹುಟ್ಟಿದ ಕರುವಿನ ಬಾಯಿಗೆ ಅದು ಹಿಡಿಯುವುದಿಲ್ಲ. ಕೆಚ್ಚಲು ತೀರ ಕೆಳಗಿದ್ದರೆ ಕರು ಮೇಲೆಲ್ಲ ಹುಡುಕಿ ಬಳಲುತ್ತದೆ. ಕರು ರೋಗನಿರೋಧಕ ಶಕ್ತಿಯನ್ನು ಹೊಟ್ಟೆಯಿಂದ ತರುವುದಿಲ್ಲ, ಗಿಣ್ಣಿನ ಹಾಲಿನಿಂದಲೇ ಪಡೆಯಬೇಕು. ಆ ಶಕ್ತಿಯನ್ನು ಹೀರುವ ಗುಣ ಕರುಳಿನಲ್ಲಿ ಗಂಟೆಗಂಟೆಗೂ ಇಳಿದು, ಒಂದು ದಿನದೊಳಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆದ್ದರಿಂದ ಅಂಥ ಹಸುವಿನ ಮೊಲೆಯಿಂದ ಸ್ವಲ್ಪ ಹಾಲು ಕರೆದು ಮೆತ್ತಗಾಗಿಸಿ, ಎರಡು ಗಂಟೆಯೊಳಗೆ ಕರುವನ್ನು ಬಾಯಿ ಹಿಡಿಸಿ. ಕುಡಿಯದಿದ್ದರೆ ಕರೆದು ಕುಡಿಸಿ; 20 ಕಿಲೋ ಕರುವಿಗೆ ಮೊದಲ ದಿನ 2 ಲೀಟರ್ ಆದರೂ ಬೇಕು, ಎರಡು ಮೂರು ಬಾರಿಗೆ.

ದೊಡ್ಡ ಕೆಚ್ಚಲೆಂದರೆ ಹೆಚ್ಚು ಹಾಲೆಂದಲ್ಲ. ಕರು ಕುಡಿದ ಮೇಲೆ ಒತ್ತಿ ನೋಡಿ: ಚರ್ಮ ಸಡಿಲಾಗಿ ಮಡಿಕೆ ಬಿದ್ದರೆ ಸರಿ, ಹಾಗೇ ದಪ್ಪವಾಗಿ ಉಳಿದರೆ ಮಾಂಸದ ಕೆಚ್ಚಲು. ಒಳಗೆ ಗಂಟು ಸಿಕ್ಕರೆ ಹಿಂದೆ ಕೆಚ್ಚಲು ಬಾವು ಬಂದಿರಬಹುದು. ಮಾರುವವರು ಕರುವನ್ನು ಬಿಡದೆ ಹಾಲು ಕಟ್ಟಿಸಿ ತರುವುದೂ ಉಂಟು. ಎದುರಿಗೇ ಕರು ಬಿಡಿಸಿ, ನಾಲ್ಕೂ ಮೊಲೆ ಹಿಂಡಿ ನೋಡದೆ ಮುಂಗಡ ಕೊಡಬೇಡಿ.

ಹಾಲಿನ ಅಳತೆ ಬೇಕೆಂದರೆ ರಾತ್ರಿ ಕರುವನ್ನು ಬೇರೆ ಕಟ್ಟಿ, ಬೆಳಿಗ್ಗೆ ತೂಗಿ, ಕುಡಿಸಿ, ಕೂಡಲೇ ಮತ್ತೆ ತೂಗಿ. ಹೆಚ್ಚಾದ ತೂಕವೇ ಕುಡಿದ ಹಾಲು. (ನಡುವೆ ಕರು ಗಂಜಲ ಹೊಯ್ದರೆ ಆ ದಿನದ ಲೆಕ್ಕ ಕೆಟ್ಟಂತೆ!) ತಕ್ಕಡಿ ಇಲ್ಲದವರು ಕರುವನ್ನೇ ನೋಡಲಿ. ಹೊಳೆಯುವ ಮೈ, ಕುಡಿದ ಮೇಲೆ ನೆಮ್ಮದಿಯ ನಿದ್ದೆ ಇದ್ದರೆ ಹಾಲು ಸಾಕು. ಮತ್ತೆ ಮತ್ತೆ ಕೆಚ್ಚಲಿಗೆ ಗುದ್ದುತ್ತಿದ್ದರೆ ಸಾಲದು. ಮನೆಗೆ ಕರೆಯುವ ಪಾಲನ್ನು ಮೊದಲು ಬಿಡಿ.

ಕೆಚ್ಚಲಿನ ಆಕಾರ ಮಗಳಿಗೂ ಇಳಿಯುತ್ತದೆ. ಸೂಲು ಹೆಚ್ಚಿದಂತೆ ಯಾವ ಹಸುವಿನದಾದರೂ ಸ್ವಲ್ಪ ಜೋಲುವುದು ಸಹಜ. ಎರಡನೇ ಸೂಲಿಗೇ ಜೋತರೆ ಅದರ ಕಡಸನ್ನು ತಳಿಗೆ ಇಡಬೇಡಿ. ಬೀಜದ ಹೋರಿಯನ್ನು ಆರಿಸುವಾಗಲೂ ಸಾಧ್ಯವಾದರೆ ಅದರ ತಾಯಿಯಿರುವ ಕೊಟ್ಟಿಗೆಗೆ ಹೋಗಿ ಬನ್ನಿ.